ಕಾಲಂ 9 ಪುಲಕೇಶಿ, ಕಾಲಂ 12 ಲಾಡ್ ಖಾನ್

ಐಹೊಳೆಯ ಮೇಗುಟಿ ಗುಡ್ಡ ಹತ್ತಿ ಏದುಸಿರು ಬಿಡುವವರಿಗೆ ಗೈಡುಗಳು ಹೇಳುವುದು ಎರಡೇ ಸಂಗತಿ. ಒಂದು, ಇಮ್ಮಡಿ ಪುಲಕೇಶಿ ಹರ್ಷವರ್ಧನನ ಹರ್ಷ ಇಳಿಸಿದ್ದು. ಇನ್ನೊಂದು, ಆ ಸುದ್ದಿಯನ್ನು ಕಲ್ಲಿಗೆ ಹಾಕಿಸಿದ ರವಿಕೀರ್ತಿ ತನ್ನನ್ನು ತಾನೇ ಕಾಳಿದಾಸ, ಭಾರವಿಯರ ಪಂಕ್ತಿಯಲ್ಲಿ ಕೂರಿಸಿಕೊಂಡದ್ದು. ಶಕ 556, ಅಂದರೆ ಕ್ರಿ.ಶ. 634. ಇಷ್ಟು ಕೇಳಿ, 19 ಸಾಲಿನ ಆ ಕಲ್ಲಿಗೆ ಬೆನ್ನು ಕೊಟ್ಟು ಫೋಟೊ ಹೊಡೆಸಿಕೊಂಡು, ಅಮೀನಗಡದ ಕರದಂಟು ಮುಗಿದೀತೆಂಬ ಆತಂಕದಲ್ಲಿ ಜನ ಕೆಳಗಿಳಿಯುತ್ತಾರೆ.

ಶಾಸನದ ಕೊನೆಯ ಸಾಲುಗಳನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಕಾಳಿದಾಸ ಇಲ್ಲ, ಹರ್ಷ ಇಲ್ಲ, ಉಪಮೆಯೂ ಇಲ್ಲ. ಕಾವ್ಯ ಮುಗಿದ ಮೇಲೆ ಯಾರೋ ಬೇರೆಯವರು ಬಂದು ಸೇರಿಸಿದ ಆ ಸಾಲುಗಳಲ್ಲಿ ಇರುವುದು ಬಸದಿಯ ಆಸ್ತಿಯ ಪಟ್ಟಿ. ಮೂಲವಳ್ಳಿ, ಗಂಗವೂರು, ಪುಲಿಗೆರೆ ಎಂದು ಊರುಗಳ ಹೆಸರು. ಆಮೇಲೆ ಬೆಟ್ಟದ ತಪ್ಪಲು, ಪಡುವಣ ದಿಕ್ಕು, ಹೆದ್ದಾರಿ ಎಂದು ಎಲ್ಲೆಯ ವಿವರ. ನಮ್ಮ ಕಡೆಯ ಮಾತಿನಲ್ಲಿ ಹೇಳಬೇಕೆಂದರೆ, ಕರ್ನಾಟಕದ ಅತಿ ಪ್ರಸಿದ್ಧ ಶಾಸನದ ಬುಡಕ್ಕೆ ಯಾರೋ ಒಂದು ಉತಾರ, ಅಂದರೆ ಪಹಣಿ, ಲಗತ್ತಿಸಿದ್ದಾರೆ. ಕವಿಗೆ ಕೀರ್ತಿ ಬೇಕಿತ್ತು, ಬಸದಿಯ ಲೆಕ್ಕ ಬರೆಯುವವನಿಗೆ ಚಕ್ಕುಬಂದಿ ಬೇಕಿತ್ತು. ಇಬ್ಬರಲ್ಲಿ ವ್ಯವಹಾರ ಬಲ್ಲವನು ಯಾರೆಂದು ನಾನು ಹೇಳಬೇಕಾಗಿಲ್ಲ.

ಆ ಶಾಸನವನ್ನು ಓದಿದ್ದಾದರೂ ಎಷ್ಟು ಸಲ! ಮುಂಬಯಿ ಸಿವಿಲ್ ಸರ್ವಿಸಿನ ಫ್ಲೀಟ್ ಸಾಹೇಬರು 1876ರಲ್ಲಿ ಒಮ್ಮೆ ಓದಿ ಅಚ್ಚು ಹಾಕಿಸಿದರು. ಸಮಾಧಾನವಾಗಲಿಲ್ಲ, 1879ರಲ್ಲಿ ಮತ್ತೆ ಓದಿದರು. ಶತಮಾನ ಮಗುಚುವ ಹೊತ್ತಿಗೆ ಕೀಲ್‌ಹಾರ್ನ್ ಬಂದು ಅದನ್ನೂ ತಿದ್ದಿ ಓದಿದರು. ಸತ್ತು ಹೋದ ರಾಜನ ಹೊಗಳಿಕೆಯನ್ನು ಸರಿಯಾಗಿ ತಿಳಿಯಲು ಮೂರು ಓದು. ಬದುಕಿರುವ ರೈತನ ಹೊಲದ ಟಿಪ್ಪಣಿಗೆ ಎಷ್ಟು ಓದು ಸಿಗುತ್ತದೆ? ಒಂದು. ಅದೂ ಓದುವವನಿಗೆ ಊಟಕ್ಕೆ ಹೊತ್ತಾಗಿರದಿದ್ದರೆ.

ನಾನು ಮಾತಾಡುತ್ತಿರುವುದು ಇನ್ನೊಂದು ಶಾಸನದ ಬಗ್ಗೆ. ಅದು ಕಲ್ಲಿನ ಮೇಲಿಲ್ಲ. ದಫ್ತರದ ಕೋಣೆಯಲ್ಲಿ, ಕೆಂಪು ಬಟ್ಟೆಯ ಗಂಟಿನಲ್ಲಿ, ಮುಟ್ಟಿದರೆ ಹಪ್ಪಳದಂತೆ ಮುರಿಯುವ ಕಾಗದದ ಮೇಲಿದೆ. 19ನೆಯ ಶತಮಾನದ ನಡುವಿನಲ್ಲಿ ಇಂಗ್ಲಿಷರು ಈ ಸೀಮೆಯನ್ನು ಅಳೆದು ಕಂದಾಯ ಕಟ್ಟಿದಾಗ ಹುಟ್ಟಿದ ಸೆಟ್ಲಮೆಂಟ್ ನಕಾಶೆ, ಟಿಪ್ಪಣಿ, ಪ್ರತಿ ಪುಸ್ತಕ, ಆಕಾರಬಂದ್. ರವಿಕೀರ್ತಿಗಿಂತ 1,200 ವರ್ಷ ಚಿಕ್ಕವು. ಆದರೆ ರವಿಕೀರ್ತಿಯನ್ನು ಶಾಲೆಯ ಮಕ್ಕಳೂ ಬಾಯಿಪಾಠ ಒಪ್ಪಿಸುತ್ತಾರೆ, ಇವನ್ನು ಓದಲು ತಾಲ್ಲೂಕಿಗೊಬ್ಬ ಸಿಕ್ಕರೆ ಪುಣ್ಯ. ನಮ್ಮ ಹೊಲ, ದಾರಿ, ಬಾವಿ, ಬದುವು ಎಲ್ಲ ನಿಂತಿರುವುದು ರವಿಕೀರ್ತಿಯ ಮೇಲಲ್ಲ, ಇವುಗಳ ಮೇಲೆ.

ಕಥೆ ಪೇಶವೆಯ ಕೊನೆಯಿಂದ ಸುರು. ಈ ಭಾಗ ಕಂಪನಿಯ ಕೈಸೇರಿದ ಮೇಲೆ ತಾವು ಗೆದ್ದದ್ದೇನು ಎಂದು ತಿಳಿಯಬೇಕಾಯಿತಲ್ಲ, ಮಾರ್ಷಲ್ ಎಂಬ ಡಾಕ್ಟರನ್ನು ಕಳಿಸಿದರು. ಅವರು ಬಾಗಲಕೋಟೆ, ಬಾದಾಮಿ, ಹುನಗುಂದ ಪರಗಣೆಗಳನ್ನು ಸುತ್ತಿ ಬರೆದ ವರದಿ 1822ರಲ್ಲಿ ಮುಂಬಯಿಯಲ್ಲಿ ಅಚ್ಚಾಯಿತು. ಅದರಲ್ಲಿ ಹುನಗುಂದ ‘ಹೂಂಡ್‌ಗೂಂಡ್’ ಆಗಿದೆ. ರೋಗಿಯ ಹೆಸರೇ ಸರಿಯಾಗಿ ಕೇಳದ ಡಾಕ್ಟರು ನಾಡಿ ಹಿಡಿದದ್ದು ಹೀಗೆ. ಆ ಹೊತ್ತಿಗೆ ಇಲ್ಲಿಯ ರೈತ ನೆಲವನ್ನು ಅಳೆಯುತ್ತಿದ್ದದ್ದು ಕೂರಿಗೆಯಲ್ಲಿ: ಒಂದು ಕೂರಿಗೆ ದಿನಕ್ಕೆ ಎಷ್ಟು ಬಿತ್ತೀತೋ ಅಷ್ಟು. ಎತ್ತು ಚುರುಕಾಗಿದ್ದರೆ ಹೊಲ ದೊಡ್ಡದು, ಮುದಿ ಎತ್ತಾದರೆ ಸಣ್ಣದು. ಅದಕ್ಕೂ ಹಿಂದೆ ಹೋದರೆ ಶಾಸನಗಳ ಮತ್ತರು, ಕಮ್ಮ. ಅಳೆಯುವ ಕೋಲು ಊರಿಗೊಂದು, ದೇವರಿಗೊಂದು. ಕೋಲಿನ ಉದ್ದವನ್ನು ಗುಡಿಯ ಗೋಡೆಗೇ ಕೊರೆದಿಟ್ಟವರೂ ಉಂಟು. ಒಂದು ಮತ್ತರು ಎಂದರೆ ಎಷ್ಟು ಎಕರೆ ಎಂದು ವಿದ್ವಾಂಸರನ್ನು ಕೇಳಿ ನೋಡಿ; ಮೂವರನ್ನು ಕೇಳಿದರೆ ನಾಲ್ಕು ಉತ್ತರ ಗ್ಯಾರಂಟಿ.

ಈ ಗೊಂದಲ ಬಿಡಿಸಲು ಬಂದವರು ವಿಂಗೇಟ್ ಮತ್ತು ಗೋಲ್ಡ್‌ಸ್ಮಿಡ್ ಸಾಹೇಬರು. ಮೊದಲು ಪ್ರಿಂಗಲ್ ಎಂಬುವರು ಪುಣೆ ಕಡೆ ಅಳೆದು ಎಡವಟ್ಟು ಮಾಡಿದ್ದರು. ಅದನ್ನು ಸರಿಪಡಿಸಲು ಇವರು 1830ರ ದಶಕದ ನಡುವಿನಲ್ಲಿ ಇಂದಾಪುರದಿಂದ ಆರಂಭಿಸಿ, 1847ರಲ್ಲಿ ಡೇವಿಡ್‌ಸನ್ ಎಂಬವರನ್ನೂ ಕೂಡಿಸಿಕೊಂಡು ಜಂಟಿ ವರದಿ ಬರೆದರು. ಮುಂಬಯಿ ಇಲಾಖೆಯ ಅಳತೆಗೆಲ್ಲ ಅದೇ ಮನುಸ್ಮೃತಿ. ಅದರ ಪ್ರಕಾರ 33 ಅಡಿಯ ಒಂದು ಸರಪಳಿ. ಸರಪಳಿಗೆ 16 ಆಣೆ. ಅಂದರೆ ಒಂದು ಆಣೆ ಎರಡು ಅಡಿ ಮುಕ್ಕಾಲು ಇಂಚು. ಸರಪಳಿ ಉದ್ದ, ಸರಪಳಿ ಅಗಲ ಒಂದು ಗುಂಟೆ. ಆ ಗುಂಟೆಗೂ 16 ಆಣೆ. 40 ಗುಂಟೆಗೆ ಒಂದು ಎಕರೆ. ಇಲ್ಲಿಗೆ ಮುಗಿಯಲಿಲ್ಲ. ಮಣ್ಣಿನ ಗುಣಕ್ಕೂ ಆಣೆ: ಒಂದೂಮುಕ್ಕಾಲು ಮೊಳ ಆಳದ ಒಳ್ಳೆಯ ಎರೆ 16 ಆಣೆ, ಆಳ ಕಡಿಮೆಯಾದಂತೆ 14, 12, 10. ಇನ್ನು ಅಣ್ಣತಮ್ಮಂದಿರ ಪಾಲಂತೂ ಆಣೆಯಲ್ಲಿ ಇದ್ದೇ ಇತ್ತು. ಹೀಗಾಗಿ ಹಳೆಯ ಕಾಗದದಲ್ಲಿ ‘6 ಆಣೆ’ ಎಂದು ಕಂಡರೆ ಅದು ಉದ್ದವೋ, ವಿಸ್ತೀರ್ಣವೋ, ಮಣ್ಣಿನ ಯೋಗ್ಯತೆಯೋ, ಕಿರಿ ತಮ್ಮನ ಹಣೆಬರಹವೋ ಎಂಬುದು ಯಾರು ಓದುತ್ತಾರೆ, ಯಾರ ಪರವಾಗಿ ಓದುತ್ತಾರೆ ಎಂಬುದರ ಮೇಲೆ ನಿಂತಿತು. ಆಣೆ ಎಂಬ ನಾಣ್ಯ 1957ರ ಏಪ್ರಿಲ್ 1ರಂದು ಸತ್ತಿತು. ನಮ್ಮ ಉತಾರಗಳಲ್ಲಿ ಮಾತ್ರ ಇವತ್ತಿಗೂ ಚಲಾವಣೆಯಲ್ಲಿದೆ.

ಮಣ್ಣು ಪರೀಕ್ಷಿಸಲು ಬಂದ ಕ್ಲಾಸರ್ ಎಂಬ ನೌಕರ ಹೊಲವನ್ನು ಚುಕ್ಕೆಗೆರೆಯಿಂದ ಮನೆಮನೆ ಮಾಡಿ, ಪ್ರತಿ ಮನೆಯಲ್ಲೂ ಹಾರೆ ಇಳಿಸಿ ಆಳ ನೋಡಿ ಅಂಕಿ ಬರೆಯುತ್ತಿದ್ದ. ಮಣ್ಣಿಗೆ ಏಳು ದೋಷ. ಒಂದೊಂದಕ್ಕೆ ಒಂದೊಂದು ಗುರುತು. ಮರಳು ಬೆರೆತಿದ್ದರೆ ಇಂಗ್ಲಿಷಿನ ವಿ ಅಕ್ಷರ. ಇಳಿಜಾರಿಗೆ ಓರೆಗೆರೆ. ಕಟ್ಟಿಲ್ಲದ ಸಡಿಲ ಮಣ್ಣಿಗೆ ಗುಣಾಕಾರದ ಚಿಹ್ನೆ. ನೀರು ಜಿನುಗಿ ಜೌಗಾದ ನೆಲಕ್ಕೆ ಸೊನ್ನೆ. ಒಂದು ದೋಷ ಕಂಡರೆ ಮಣ್ಣು ಒಂದು ತರಗತಿ ಕೆಳಗೆ. ಜಾತಿಯಲ್ಲಿ ಎಷ್ಟು ಮೆಟ್ಟಿಲುಗಳಿವೆಯೋ ನಾವು ಎಣಿಸಿಲ್ಲ. ಮಣ್ಣಿಗೆ ಮಾತ್ರ ಸಾಹೇಬರು ಲೆಕ್ಕ ಹಾಕಿ ಒಂಬತ್ತು ಮೆಟ್ಟಿಲು ಕಟ್ಟಿಕೊಟ್ಟರು.

ಇಷ್ಟೆಲ್ಲ ಬರೆದದ್ದು ಯಾವ ಲಿಪಿಯಲ್ಲಿ? ಮೋಡಿಯಲ್ಲಿ. ಭಾಷೆ ಮರಾಠಿ, ನೆಲ ಕನ್ನಡದ್ದು, ಅಳತೆ ಇಂಗ್ಲಿಷರದ್ದು, ಕಂದಾಯ ಕಟ್ಟುವವನು ಯಾವ ಲಿಪಿಯನ್ನೂ ಬಲ್ಲವನಲ್ಲ. ಮೋಡಿ ಬರೆಯುವವನು ಲೇಖಣಿ ಎತ್ತದೆ ಒಂದೇ ಓಟದಲ್ಲಿ ಬರೆಯುತ್ತಾನೆ. ಪದದ ನಡುವೆ ಜಾಗ ಬಿಡುವುದು ಅವನಿಗೆ ಗೊತ್ತಿಲ್ಲ. ಹ್ರಸ್ವ ದೀರ್ಘ ಅವನಿಗೆ ಲೆಕ್ಕಕ್ಕಿಲ್ಲ. ತಲೆಯ ಮೇಲೆ ಮೊದಲೇ ಒಂದು ಉದ್ದ ಗೆರೆ ಎಳೆದುಕೊಂಡು ಅದರ ಕೆಳಗೆ ಸಂಜೆಯ ಬಸ್ಸು ಹಿಡಿಯುವ ಅವಸರದಲ್ಲಿ ಗೀಚುತ್ತ ಹೋದರೆ ಒಂದು ಸರ್ವೆ ನಂಬರು ಹುಟ್ಟುತ್ತಿತ್ತು. ಈ ಬರಹ ಕುಲಕರ್ಣಿಗಳ ಮನೆತನದ ಸೊತ್ತಾಗಿತ್ತು. 1950ರ ಮುಂಬಯಿ ಕಾಯಿದೆ ಕುಲಕರ್ಣಿ ವತನವನ್ನು ಕಿತ್ತು ಹಾಕಿತು. ಬಹಳ ಒಳ್ಳೆಯದಾಯಿತು, ಊರಿನ ಅರ್ಧ ಜಗಳ ಅವರ ಲೇಖಣಿಯ ತುದಿಯಲ್ಲೇ ಇತ್ತು. ಆದರೆ ವತನ ಕಿತ್ತವರು ಅವರ ಓದನ್ನು ಬೇರೆ ಯಾರಿಗೂ ಕಲಿಸಲಿಲ್ಲ. ಕೀಲಿ ಕಸಿದುಕೊಂಡ ಸರ್ಕಾರ ಅದನ್ನು ಎಲ್ಲಿಟ್ಟೆ ಎಂಬುದನ್ನೇ ಮರೆಯಿತು.

ಆಮೇಲೆ ಕಾಗದಗಳ ಪ್ರವಾಸ. 1864ರಲ್ಲಿ ಕಲಾದಗಿ ಜಿಲ್ಲೆಯಾಯಿತು. 1885ರಲ್ಲಿ ಕಚೇರಿ ವಿಜಾಪುರಕ್ಕೆ ಹೋಯಿತು. 1956ರಲ್ಲಿ ರಾಜ್ಯವೇ ಬದಲಾಗಿ ಮುಂಬಯಿಯ ಬದಲು ಬೆಂಗಳೂರು ಬಂತು. 1997ರಲ್ಲಿ ಬಾಗಲಕೋಟೆ ಜಿಲ್ಲೆ ಹುಟ್ಟಿತು. ಈಚೆಗೆ ಇಳಕಲ್, ಗುಳೇದಗುಡ್ಡಗಳೂ ತಾಲ್ಲೂಕಾದವು. ನೆಲ ಒಂದು ಅಂಗುಲ ಕದಲಲಿಲ್ಲ. ದಫ್ತರ ಮಾತ್ರ ಗಾಡಿ ಹತ್ತಿ ಇಳಿದು, ಹತ್ತಿ ಇಳಿದು, ಪ್ರತಿ ಸಲವೂ ಒಂದಿಷ್ಟು ಹಾಳೆ ಉದುರಿಸುತ್ತ ಬಂತು. ನೀವು ಯಾವುದೋ ಒಂದು ಕಾಗದ ಕೇಳಿದರೆ ‘ಅದು ಹಳೇ ಜಿಲ್ಲಾದಾಗ ಐತ್ರೀ’ ಎಂಬ ಉತ್ತರ ಬರುವುದು ಇದೇ ಕಾರಣಕ್ಕೆ. ಇದಕ್ಕಿಂತ ಸುರಕ್ಷಿತವಾದ ಉತ್ತರ ಸರ್ಕಾರಿ ಭಾಷೆಯಲ್ಲಿ ಇನ್ನೂ ಹುಟ್ಟಿಲ್ಲ.

ಈಗ ಓದುವ ದೃಶ್ಯ. ಯಾವುದೇ ತಾಲ್ಲೂಕು ಊರಿನ ಚಾ ಅಂಗಡಿ ಎಂದುಕೊಳ್ಳಿ. ಎದುರಿಗೆ ಕಚೇರಿ. ಬೆಂಚಿನ ಮೇಲೆ ಒಬ್ಬರು ಕೂತಿರುತ್ತಾರೆ. ನಿವೃತ್ತರು, ಕಿಸೆಯಲ್ಲಿ ಭೂತಗನ್ನಡಿ. ಇವರು ಸರ್ಕಾರದವರಲ್ಲ, ಆದರೆ ಸರ್ಕಾರ ನಡೆಯುವುದು ಇವರಿಂದ. ರೈತ ಟಿಪ್ಪಣಿಯ ನಕಲು ಮುಂದಿಡುತ್ತಾನೆ.

‘ಮೋಡಿ ಐತಿದು.’

‘ಹೌದ್ರೀ. ಏನಂತ ಬರದೈತಿ?’

ಹಿರಿಯರು ಭೂತಗನ್ನಡಿಯನ್ನು ಮೇಲೆ ಕೆಳಗೆ ಆಡಿಸುತ್ತಾರೆ. ಚಾ ಒಂದು ಗುಟುಕು. ‘ನಿಮಗ ಏನಂತ ಬರದಿರಬೇಕಾಗಿತ್ತು?’

ಅನುವಾದ ಕಲೆಯ ಬಗ್ಗೆ ವಿಶ್ವವಿದ್ಯಾಲಯಗಳಲ್ಲಿ ಎಷ್ಟೋ ಸೆಮಿನಾರುಗಳಾಗಿವೆ. ಇಷ್ಟು ಸ್ಪಷ್ಟವಾದ ಸಿದ್ಧಾಂತವನ್ನು ಅಲ್ಲಿ ಯಾರೂ ಮಂಡಿಸಿದ್ದನ್ನು ನಾನು ಕೇಳಿಲ್ಲ. ಇದೇ ಕಾಗದವನ್ನು ಮರುದಿನ ಪಕ್ಕದ ಹೊಲದವನು ಇದೇ ಬೆಂಚಿಗೆ ತಂದರೆ ಇದೇ ಗೆರೆ ಅವನ ಕಡೆ ವಾಲುತ್ತದೆ. ಜೌಗಿನ ಸೊನ್ನೆ ಒಬ್ಬರಿಗೆ ಬಾವಿ, ಇನ್ನೊಬ್ಬರಿಗೆ ಬಾಂದು ಕಲ್ಲು. ಕ್ಲಾಸರನ ಚುಕ್ಕೆಗೆರೆ ಒಬ್ಬರಿಗೆ ಗಾಡಿದಾರಿ, ಇನ್ನೊಬ್ಬರಿಗೆ ಹಿಸ್ಸೆಯ ಗಡಿ. ಇಬ್ಬರೂ ಕೋರ್ಟಿಗೆ ಹೋಗುತ್ತಾರೆ. ಕೋರ್ಟು ಸರ್ವೆಯವರ ವರದಿ ಕೇಳುತ್ತದೆ. ಸರ್ವೆಯವರು ಟಿಪ್ಪಣಿ ಓದಿಸಲು ಅದೇ ಬೆಂಚಿಗೆ ಬರುತ್ತಾರೆ.

2023ರಲ್ಲಿ ಮಹಾರಾಷ್ಟ್ರದಲ್ಲಿ ಮರಾಠರಿಗೆ ಕುಣಬಿ ಪ್ರಮಾಣಪತ್ರ ಕೊಡಲು ಹಳೆಯ ದಾಖಲೆ ಹುಡುಕಬೇಕಾಗಿ ಬಂದಾಗ ಮೋಡಿ ಬಲ್ಲವರಿಗೆ ಏಕಾಏಕಿ ಬರ ಬಂದಿತ್ತು. ಇದ್ದಬದ್ದವರನ್ನೆಲ್ಲ ಕರೆದು ಕೂರಿಸಿದರು. ಅಲ್ಲಿ ಮೀಸಲಾತಿಯ ಕಾವು ಇತ್ತು, ಮತಗಳಿದ್ದವು, ಹಾಗಾಗಿ ಲಿಪಿಗೆ ಜೀವ ಬಂತು. ನಮ್ಮ ಬದುವಿನ ಜಗಳಕ್ಕೆ ಇರುವುದು ಎರಡೇ ಮತ. ಅವೂ ಒಂದಕ್ಕೊಂದು ವಿರುದ್ಧ.

ಓದಲಾರದ ನಕ್ಷೆಯ ಮೇಲೆ ರಾಜ್ಯಭಾರ ಮಾಡಿದವರು ನಾವೇ ಮೊದಲಿಗರಲ್ಲ ಎಂಬ ಸಮಾಧಾನ ಬೇಕಿದ್ದರೆ ಸ್ಪೇನಿಗೆ ಹೋಗಬೇಕು. ಅಲ್ಲಿನ ದೊರೆ ಎರಡನೆಯ ಫಿಲಿಪ್ 1577ರಲ್ಲಿ ಅಮೆರಿಕದ ತನ್ನ ವಸಾಹತುಗಳಿಗೆಲ್ಲ 50 ಪ್ರಶ್ನೆಗಳ ಒಂದು ಪಟ್ಟಿ ಕಳಿಸಿ, ಉತ್ತರದ ಜೊತೆಗೆ ಊರಿನ ನಕ್ಷೆಯೂ ಬರಲಿ ಎಂದ. ಮೆಕ್ಸಿಕೋದ ಅಧಿಕಾರಿಗಳು ಎಲ್ಲ ಕಾಲದ ಅಧಿಕಾರಿಗಳು ಮಾಡುವುದನ್ನೇ ಮಾಡಿದರು: ಕೆಲಸವನ್ನು ಕೆಳಗಿನವರಿಗೆ ದಾಟಿಸಿದರು. ಊರಿನ ಮೂಲನಿವಾಸಿ ಚಿತ್ರಗಾರರು ತಮ್ಮ ಪದ್ಧತಿಯಲ್ಲಿ ಬರೆದುಕೊಟ್ಟರು. ದಾರಿ ತೋರಿಸಲು ಗೆರೆಯ ಬದಲು ಸಾಲಾಗಿ ಹೆಜ್ಜೆಗುರುತು. ಬೆಟ್ಟಕ್ಕೊಂದು ಸಂಕೇತ, ನೀರಿಗೊಂದು ಸಂಕೇತ, ನಡುವೆ ಹೊಸದಾಗಿ ಕಟ್ಟಿದ ಚರ್ಚು. ಅಳತೆ ಬೇಕೆಂದಿದ್ದ ಆಸ್ಥಾನಕ್ಕೆ ಸಿಕ್ಕಿದ್ದು ಚಿತ್ರ. ಅದನ್ನು ಹೇಗೆ ಓದಬೇಕೆಂದು ತಿಳಿಯದೆ ಕಟ್ಟಿಟ್ಟರು. ಇವತ್ತು ವಿದ್ವಾಂಸರು ಭೂತಗನ್ನಡಿ ಹಿಡಿದು ಕೂತಿದ್ದಾರೆ. ಅಲ್ಲಿ ಜಮೀನಿನ ಕಬ್ಜಾ ಕೊಡುವ ವಿಧಿಯೂ ಸೊಗಸು. ಹೊಸ ಯಜಮಾನನ ಕೈ ಹಿಡಿದು ಹೊಲಕ್ಕೆ ಕರೆದೊಯ್ಯುವುದು. ಅವನು ಹುಲ್ಲು ಕಿತ್ತು, ಕಲ್ಲು ಎಸೆದು, ಅತ್ತಿತ್ತ ಓಡಾಡುವುದು. ಯಾರೂ ತಕರಾರು ಮಾಡದಿದ್ದರೆ ‘ಸದ್ದಿಲ್ಲದೆ, ಶಾಂತಿಯಿಂದ ಕಬ್ಜಾ ಆಯಿತು’ ಎಂದು ಗುಮಾಸ್ತ ಬರೆಯುವುದು. ತಕರಾರು ಮಾಡಬೇಕಾದವರು ಆ ಹೊತ್ತಿಗೆ ಸಿಡುಬಿನಲ್ಲಿ ಸತ್ತಿರುತ್ತಿದ್ದರು ಇಲ್ಲವೇ ಗಣಿಯಲ್ಲಿರುತ್ತಿದ್ದರು. ನಮ್ಮ ಪಂಚನಾಮೆಗಳಲ್ಲೂ ‘ಬಾಜೂದಾರರು ಹಾಜರಿರಲಿಲ್ಲ, ತಕರಾರು ಇಲ್ಲ’ ಎಂಬ ವಾಕ್ಯ ಬರುತ್ತದಲ್ಲ, ಅದರ ಅಜ್ಜ ಇದು.

ಮೆಕ್ಸಿಕೋದ ಹಳ್ಳಿಗರು ಕೈಕಟ್ಟಿ ಕೂತವರಲ್ಲ. 17ನೆಯ ಶತಮಾನದ ಕೊನೆಯ ಹೊತ್ತಿಗೆ ನೆಲ ಉಳಿಸಿಕೊಳ್ಳಲು ಹಳೆಯ ಕಾಗದವೇ ಬೇಕು ಎಂದಾದಾಗ, ಮರದ ತೊಗಟೆಯ ಕಾಗದದ ಮೇಲೆ ಹಳೆಯದಾಗಿ ಕಾಣುವ ಹಾಗೆ ತಾವೇ ಬರೆಸಿಕೊಂಡರು. ನಮ್ಮಲ್ಲಿಯೂ ಈ ವಿದ್ಯೆಗೆ ಕೊರತೆ ಇರಲಿಲ್ಲ. ಗಂಗರ ಹೆಸರಿನ ತಾಮ್ರಪಟಗಳಲ್ಲಿ ಎಷ್ಟನ್ನೋ ಇದೇ ಫ್ಲೀಟ್ ಸಾಹೇಬರು ಖೋಟಾ ಎಂದು ತಳ್ಳಿಹಾಕಿ, ಮೈಸೂರಿನ ರೈಸ್ ಸಾಹೇಬರ ಜೊತೆ ವರ್ಷಗಟ್ಟಲೆ ಜಗಳವಾಡಿದರು. ಖೋಟಾ ಶಾಸನಕ್ಕೆ ನಾವು ಕೂಟಶಾಸನ ಎಂಬ ಗೌರವದ ಹೆಸರಿಟ್ಟಿದ್ದೇವೆ. ಖೋಟಾ ಪಹಣಿಗೆ ಇನ್ನೂ ಅಂಥ ಹೆಸರು ಬಂದಿಲ್ಲ; ಸಾವಿರ ವರ್ಷ ತಡೆಯಬೇಕು.

ಗಡಿ ಸರಿಸುವವರ ಬಗ್ಗೆ ಆ ಕಾಲದವರಿಗೆ ಭ್ರಮೆ ಇರಲಿಲ್ಲ ಎಂಬುದಕ್ಕೆ ಶಾಸನಗಳ ಶಾಪಾಶಯವೇ ಸಾಕ್ಷಿ. ಕೊಟ್ಟ ಭೂಮಿ ಕದ್ದವನು 60,000 ವರ್ಷ ಹೇಲಿನಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂದು ಕಲ್ಲು ಕಲ್ಲಿನ ಮೇಲೂ ಬರೆದರು. 1860ರಲ್ಲಿ ಇಂಗ್ಲಿಷರ ದಂಡಸಂಹಿತೆ ಬಂತು. ಅದರ 434ನೆಯ ಕಲಮಿನ ಪ್ರಕಾರ ಸರ್ಕಾರ ನೆಟ್ಟ ಗಡಿಕಲ್ಲು ಕಿತ್ತವನಿಗೆ ಹೆಚ್ಚೆಂದರೆ ಒಂದು ವರ್ಷ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ ಆಗುತ್ತಿತ್ತು. 60,000 ವರ್ಷದಿಂದ ಒಂದು ವರ್ಷಕ್ಕೆ ಇಳಿಸಿದ ಇಂಥ ರಿಯಾಯಿತಿ ಇಳಕಲ್ಲಿನ ಸೀರೆ ಅಂಗಡಿಯವರೂ ಕೊಡುವುದಿಲ್ಲ. ಹುಳುವಿನ ಜನ್ಮಕ್ಕೆ ಜಾಮೀನು ಸಿಗುತ್ತಿರಲಿಲ್ಲ ಎಂಬುದೂ ಗಮನಿಸಬೇಕಾದ ವಿಷಯ.

2000ನೆಯ ಇಸವಿಯಲ್ಲಿ ‘ಭೂಮಿ’ ಯೋಜನೆ ಬಂತು. ರಾಜ್ಯದ 67 ಲಕ್ಷ ರೈತರ 2 ಕೋಟಿ ಪಹಣಿ ಕಂಪ್ಯೂಟರಿಗೆ ಇಳಿದವು, ಕೈಬರಹದ ಉತಾರಕ್ಕೆ ಬೆಲೆ ಹೋಯಿತು, ಜಗತ್ತೇ ಕೊಂಡಾಡಿತು. ಕೊಂಡಾಡಬೇಕಾದ್ದೇ; ಉತಾರಕ್ಕಾಗಿ ತಲಾಟಿಯ ಮನೆ ಬಾಗಿಲು ಕಾಯುವುದು ತಪ್ಪಿತು. ಆದರೆ ಕಂಪ್ಯೂಟರು ಒಳಗೆ ಹಾಕಿದ್ದನ್ನೇ ಹೊರಗೆ ಕೊಡುವ ಸಾಧು ಪ್ರಾಣಿ. ಮೋಡಿಯಿಂದ ಬಾಲಬೋಧ ಎಂಬ ದೇವನಾಗರಿಗೆ, ಬಾಲಬೋಧದಿಂದ ಕನ್ನಡಕ್ಕೆ, ಕೈಬರಹದಿಂದ ಕೀಬೋರ್ಡಿಗೆ ದಾಟುತ್ತ ಬಂದ ತಪ್ಪುಗಳು ಮೊದಲು ಗೀಚಿದಂತೆ ಕಾಣುತ್ತಿದ್ದವು, ಹಾಗಾಗಿ ಅನುಮಾನವಾದರೂ ಬರುತ್ತಿತ್ತು. ಈಗ ಅವು ಅಂದವಾಗಿ ಅಚ್ಚಾಗಿ ಬರುತ್ತವೆ. ತಪ್ಪಿಗೆ ಇಷ್ಟು ಒಳ್ಳೆಯ ಅಕ್ಷರ ಇತಿಹಾಸದಲ್ಲಿ ಎಂದೂ ಸಿಕ್ಕಿರಲಿಲ್ಲ.

ನಕಾಶೆಯ ಗತಿ ಇನ್ನೂ ರಸವತ್ತಾದದ್ದು. ನಮ್ಮ ಗ್ರಾಮ ನಕಾಶೆ ಮೈಲಿಗೆ 8 ಇಂಚಿನ ಪ್ರಮಾಣದ್ದು. ನೆಲದ 7,920 ಅಂಗುಲ ಕಾಗದದ ಮೇಲೆ ಒಂದು ಅಂಗುಲ. ಅರ್ಧ ಮಿಲಿಮೀಟರ್ ದಪ್ಪದ ಮಸಿಗೆರೆ ಎಳೆದರೆ ನೆಲದ ಮೇಲೆ ಆ ಗೆರೆಯೇ ಸುಮಾರು 4 ಮೀಟರ್, ಅಂದರೆ 13 ಅಡಿ ಅಗಲ. ಸಾಹೇಬರ ಕಾಲದ ಬರುವಿನ ಲೇಖಣಿ ಅಷ್ಟು ತೆಳ್ಳಗೆ ಬರೆಯುತ್ತಿತ್ತು ಎಂದು ಧಾರಾಳವಾಗಿ ಒಪ್ಪಿಕೊಂಡು ಹೇಳುತ್ತಿದ್ದೇನೆ. ಐಹೊಳೆಯ ಓಣಿಗಳಲ್ಲಿ 13 ಅಡಿ ಎಂದರೆ ಒಂದು ಪಡಸಾಲೆ. ಎರಡು ಮನೆತನ ಮೂರು ತಲೆಮಾರು ಹೊಡೆದಾಡಿದ ಜಾಗ ಸಾಹೇಬರ ಗೆರೆಯ ಹೊಟ್ಟೆಯೊಳಗೇ ಇರುತ್ತದೆ. ಇಂಥ ನಕಾಶೆಗಳನ್ನು ಸ್ಕ್ಯಾನ್ ಮಾಡಿ, ಉಪಗ್ರಹದ ಚಿತ್ರದ ಮೇಲೆ ಹೊದಿಸಿ, ‘ದಿಶಾಂಕ್’ ಎಂಬ ಆ್ಯಪ್‌ನಲ್ಲಿ ಎಲ್ಲರ ಕೈಗೆ ಕೊಟ್ಟಿದ್ದಾರೆ. ನಿಂತಲ್ಲೇ ಸರ್ವೆ ನಂಬರು ತೋರಿಸುತ್ತದೆ. ಮೊಬೈಲಿನ ಜಿಪಿಎಸ್ಸಿಗೆ ಕೆಲವು ಮೀಟರ್ ಅತ್ತಿತ್ತ ಆಗುವ ಚಪಲವಿದೆ, ನಕಾಶೆಯ ಗೆರೆಗೆ 4 ಮೀಟರ್ ಬೊಜ್ಜಿದೆ, ಜಗಳ ಇರುವುದು ಒಂದು ಮೊಳಕ್ಕೆ. ಆದರೂ ಬೆಳಗಿನ ಬದುವಿನ ಮೇಲೆ ಒಬ್ಬರ ಮುಖಕ್ಕೆ ಒಬ್ಬರು ಮೊಬೈಲು ಹಿಡಿದು ‘ನೋಡು, ಸರ್ಕಾರನ ಹೇಳೈತಿ’ ಎನ್ನುವುದನ್ನು ಕಂಡರೆ ವಿಂಗೇಟ್ ಸಾಹೇಬರ ಆತ್ಮಕ್ಕೆ ಶಾಂತಿ ಸಿಗದೆ ಇರಲಾರದು.

ಇನ್ನು ಊರೊಳಗೆ ಬನ್ನಿ. ಸೆಟ್ಲಮೆಂಟಿನವರಿಗೆ ಬೇಕಿದ್ದದ್ದು ಕಂದಾಯ. ಕಂದಾಯ ಬರುವುದು ಹೊಲದಿಂದ. ಹಾಗಾಗಿ ಮನೆಗಳಿರುವ ಗಾಂವಠಾಣವನ್ನು ಒಳಗೆ ಅಳೆಯುವ ಗೊಡವೆಗೆ ಹೋಗದೆ ನಡುವೆ ಖಾಲಿ ಬಿಟ್ಟರು. ಹೊಲದ ಬದಿಯ ಗುಡ್ಡ, ಹಳ್ಳ, ದಾರಿ, ಗುಡಿ, ಸುಡುಗಾಡು, ಅಂದರೆ ಉಳಲಾರದ ನೆಲವೆಲ್ಲ ಖರಾಬು. ಭಾರತೀಯ ದೇವಾಲಯ ವಾಸ್ತುಶಿಲ್ಪದ ತೊಟ್ಟಿಲು ಎಂದು ಪಠ್ಯಪುಸ್ತಕದಲ್ಲಿ ಓದುತ್ತೇವಲ್ಲ, ಕಂದಾಯದ ಕಣ್ಣಿಗೆ ಆ ತೊಟ್ಟಿಲು ಒಂದೋ ಖಾಲಿ, ಇಲ್ಲವೇ ಖರಾಬು. ನೂರಕ್ಕೂ ಹೆಚ್ಚು ಗುಡಿಗಳನ್ನು ಒಂದು ಬಿಳಿ ತೇಪೆಯಲ್ಲಿ ಮುಚ್ಚಿದ ಈ ಕೈಚಳಕ ಯಾವ ಸುಲ್ತಾನನಿಗೂ ಸಾಧ್ಯವಾಗಿರಲಿಲ್ಲ.

ಆ ಬಿಳಿ ತೇಪೆಯೊಳಗೆ ಜನ ಇದ್ದರು. ಗುಡಿಗಳಲ್ಲೇ ಇದ್ದರು. ಮಳೆಗೆ ಸೋರದ ಚಾಲುಕ್ಯರ ಮನೆ ಇರುವಾಗ ಮಣ್ಣಿನ ಮನೆ ಯಾಕೆ ಕಟ್ಟಬೇಕು? ಹೀಗಾಗಿ ಗುಡಿಗಳಿಗೆ ದೇವರ ಹೆಸರು ಹೋಗಿ ವಾಸವಿದ್ದವರ ಹೆಸರು ನಿಂತಿತು. ಲಾಡ್ ಖಾನನ ಗುಡಿ, ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ದೇಸಾಯರ ಗುಡಿ. ನನ್ನನ್ನು ಕೇಳಿದರೆ ಐಹೊಳೆಯ ಅತ್ಯಂತ ಪ್ರಾಮಾಣಿಕ ಭೂದಾಖಲೆ ಇದೇ. ಪಹಣಿಯ ಕಾಲಂ 9ರಲ್ಲಿ ಮಾಲೀಕನ ಹೆಸರು ಇರಬೇಕು: ಚಾಲುಕ್ಯ. ಕಾಲಂ 12ರಲ್ಲಿ ಅನುಭೋಗದಲ್ಲಿ ಇರುವವನ ಹೆಸರು: ಲಾಡ್ ಖಾನ್. ಕಾಲಂ 11ರಲ್ಲಿ ಋಣ: ಅದನ್ನು ನಾವು ಇನ್ನೂ ತೀರಿಸಿಲ್ಲ. 1974ರ ಭೂಸುಧಾರಣೆಯವರೆಗೆ ಲಾಡ್ ಖಾನ್ ಬದುಕಿದ್ದು, ಫಾರಂ ನಂಬರ್ 7 ತುಂಬಿ, ‘ಇದ್ದವನೇ ಒಡೆಯ’ ಎಂದು ಟ್ರಿಬ್ಯೂನಲ್ ಮುಂದೆ ನಿಂತಿದ್ದರೆ ಕೇಸು ಇವತ್ತಿಗೂ ಹೈಕೋರ್ಟಿನಲ್ಲಿ ಇರುತ್ತಿತ್ತು.

ಗುಡಿಗಳನ್ನು ಓದಿದವರೂ ಬೆಂಚಿನ ಹಿರಿಯರಿಗಿಂತ ಬಹಳ ಬೇರೆಯಾಗಿ ಓದಲಿಲ್ಲ ಎನ್ನಿ. ದುರ್ಗದ ಗುಡಿಯ ಹಿಂಭಾಗ ಕುದುರೆಲಾಳದಂತೆ ದುಂಡಗಿರುವುದನ್ನು ಕಂಡು ಫರ್ಗುಸನ್ ಬೌದ್ಧ ಚೈತ್ಯದ ನೆನಪು ಮಾಡಿಕೊಂಡರು. ಊರವರು ಮೇಲಿದ್ದ ಕೋಟೆಯ ಕಟ್ಟಣೆ ಕಂಡು ದುರ್ಗ ಎಂದರು. ಪ್ರವಾಸಿಗರು ದುರ್ಗಮ್ಮನನ್ನು ಹುಡುಕಿಕೊಂಡು ಬಂದರು. ಕಡೆಗೆ ಶಾಸನ ಓದಿದರೆ ಅದು ಆದಿತ್ಯನ ಗುಡಿ. ಲಾಡ್ ಖಾನ್ ಗುಡಿಯನ್ನು ಕಸಿನ್ಸ್ ಸಾಹೇಬರು ಐದನೆಯ ಶತಮಾನಕ್ಕೆ ಕೊಟ್ಟರು. ಆಮೇಲಿನವರು ಎರಡು ಮೂರು ಶತಮಾನ ಈಚೆಗೆ ಎಳೆದರು. ವಿದ್ವಾಂಸರ ಲೋಕದಲ್ಲಿ ಇದಕ್ಕೆ ಮರುಪರಿಶೀಲನೆ ಎಂದು ಹೆಸರು. ರೈತನೊಬ್ಬ ತನ್ನ ಹೊಲದ ಬಗ್ಗೆ ಇದನ್ನೇ ಕೇಳಿದರೆ ಅದಕ್ಕೆ ಅಪೀಲು ಎನ್ನುತ್ತಾರೆ, ಸ್ಟಾಂಪು ಹಚ್ಚಬೇಕು.

ಈಗ ಆ ಬಿಳಿ ತೇಪೆಯ ಮೇಲೆ ಹೊಸ ನಕ್ಷೆ ಬಂದಿದೆ, ಪುರಾತತ್ವ ಕಾಯಿದೆಯ ನಕ್ಷೆ. ಅದರಲ್ಲಿ ಗೆರೆಗಳಿಲ್ಲ, ವೃತ್ತಗಳು. ರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಣ. ಗುಡಿಯನ್ನು ಒಂದು ಚುಕ್ಕೆ ಎಂದುಕೊಂಡರೂ ನಿಷೇಧದ ವೃತ್ತ 7 ಎಕರೆ 30 ಗುಂಟೆ ನುಂಗುತ್ತದೆ. ಎರಡೂ ಸೇರಿದರೆ ಹೆಚ್ಚುಕಡಿಮೆ 70 ಎಕರೆ. ಗುಡಿಗೊಂದು ವೃತ್ತದಂತೆ ಐಹೊಳೆಯಲ್ಲಿ ಎಳೆಯುತ್ತ ಹೋದರೆ ವೃತ್ತದ ಮೇಲೆ ವೃತ್ತ ಬಿದ್ದು ಊರು ಕಾಣದಾಗುತ್ತದೆ. ನಿಷೇಧದ ವೃತ್ತದಲ್ಲಿ ಹೊಸ ಮನೆ ಕಟ್ಟುವ ಹಾಗಿಲ್ಲ. ಹಳೆಯದನ್ನು ರಿಪೇರಿ ಮಾಡಬಹುದು, ಅದಕ್ಕೆ ಅನುಮತಿ ಬೇಕು. ಅನುಮತಿ ಸಿಗಬೇಕಾದರೆ ಮನೆ 1992ರ ಜೂನ್ 16ಕ್ಕಿಂತ ಮೊದಲು ಇತ್ತೆಂದು ತೋರಿಸಬೇಕು.

ತೋರಿಸುವುದು ಎಲ್ಲಿಂದ? ಸೆಟ್ಲಮೆಂಟ್ ನಕಾಶೆಯಲ್ಲಿ ಆ ಜಾಗ ಖಾಲಿ. ಮುತ್ತಜ್ಜ ಎಲ್ಲಿದ್ದ ಎಂದರೆ ಗುಡಿಯಲ್ಲಿದ್ದ. ಅಲ್ಲಿಂದ ಎಬ್ಬಿಸಿದ್ದು ಸರ್ಕಾರವೇ. ಗುಡಿಗೆ ಅವನ ಹೆಸರಿದೆಯಲ್ಲ ಎಂದರೆ ಅದು ಸ್ಮಾರಕದ ಹೆಸರು, ದಾಖಲೆಯಲ್ಲ. ಕಲ್ಲಿನ ಗುಡಿಗೆ ತಮ್ಮ ಹೆಸರು ಕೊಟ್ಟ ಮನೆತನದವರು ತಗಡಿನ ಶೀಟಿಗೆ ಅನುಮತಿ ಕೇಳಿಕೊಂಡು ತಿರುಗುವ ಪವಾಡ ಜಗತ್ತಿನ ಬೇರೆ ಯಾವ ಪಾರಂಪರಿಕ ತಾಣದಲ್ಲಿ ಕಾಣಸಿಗುತ್ತದೆ? ದಶಕಗಳಿಂದ ಊರನ್ನೇ ಸ್ಥಳಾಂತರ ಮಾಡುತ್ತೇವೆ ಎಂಬ ಮಾತೂ ನಡೆದಿದೆ. ಚುನಾವಣೆಗೊಮ್ಮೆ ಊರು ಹೊರಡುತ್ತದೆ, ಫಲಿತಾಂಶ ಬಂದ ಮೇಲೆ ಅಲ್ಲೇ ಇರುತ್ತದೆ. 2020ರಿಂದ ಸ್ವಾಮಿತ್ವ ಯೋಜನೆ ಬಂದು, ಗಾಂವಠಾಣದ ಮನೆಗಳನ್ನು ಡ್ರೋನ್ ಹಾರಿಸಿ ಅಳೆಯುವುದು ದೇಶದಲ್ಲೆಲ್ಲ ಸುರುವಾಗಿದೆ. ಡ್ರೋನಿಗೆ ಮಾಳಿಗೆ ಕಾಣುತ್ತದೆ. ಮಾಳಿಗೆಯ ಕೆಳಗಿರುವವರು ಎಷ್ಟು ಕಾಲದಿಂದ ಇದ್ದಾರೆ ಎಂಬುದು ಕಾಣಬೇಕಾದರೆ ಕಾಗದ ಓದಬೇಕು. ಅಲ್ಲಿಗೆ ಮತ್ತೆ ಚಾ ಅಂಗಡಿಯ ಬೆಂಚೇ ಗತಿ.

ಹಾಗಾಗಿ ಕಂದಾಯ ಖಾತೆಯ ಮಂತ್ರಿಗಳಲ್ಲಿ ಒಂದು ಅರಿಕೆ. ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿಸುತ್ತಿದ್ದೀರಿ, ಸಂತೋಷ. ಓದಲಾಗದ ಕಾಗದ ಓದಲಾಗದ ಫೋಟೊ ಆದರೆ ಗೆದ್ದಲಿಗೆ ನಷ್ಟ, ರೈತನಿಗೆ ಲಾಭವಿಲ್ಲ. ಹಳೆಯ ಮುಂಬಯಿ ಕರ್ನಾಟಕದ ತಾಲ್ಲೂಕಿಗೊಬ್ಬರಂತೆ ಮೋಡಿ ಬಲ್ಲ, ಕ್ಲಾಸರನ ಗುರುತು ಬಲ್ಲ, ಆಣೆ ಸರಪಳಿ ಬಲ್ಲ ಜನರನ್ನು ನೇಮಿಸಿ, ಓದಿದ್ದನ್ನು ಕನ್ನಡದಲ್ಲಿ ಬರೆದು, ಸಹಿ ಹಾಕಿ ಕೊಡುವ ವ್ಯವಸ್ಥೆ ಮಾಡಿ. ಬೆಂಚಿನ ಹಿರಿಯರು ಇರುವಾಗಲೇ ಅವರಿಂದ ನಾಲ್ಕು ಹುಡುಗ ಹುಡುಗಿಯರಿಗೆ ಪಾಠ ಹೇಳಿಸಿ. ಸಂಬಳಕ್ಕೆ ದುಡ್ಡಿಲ್ಲ ಎಂಬ ಚಿಂತೆ ಬೇಡ. ಓದಿಸುವ ಫೀಜನ್ನು ಈ ಭಾಗದ ರೈತರು ಆಗಲೇ ಕೊಡುತ್ತಿದ್ದಾರೆ; ರಸೀದಿ ಕೊಡುವವರು ಬೇಕಾಗಿದ್ದಾರೆ, ಅಷ್ಟೆ.